ಗೂಢಚಾರನ ಅರವತ್ತು ವರ್ಷ

(ಕಾರ್ಮಿಕರ ವಾಚನಾಲಯದಲ್ಲಿ ನಡೆದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಗೆ ಜೇಮ್ಸ್ ಬಾಂಡ್ ಸಿನಿಮಾಗಳ ವಿಷಯ ಗೊತ್ತುಮಾಡಿದ್ದೇವೆಂದು ತಿಳಿದಾಗ ನಮ್ಮ ಹಿರಿಯ ಸಂಗಾತಿಯೊಬ್ಬರು ಸಿಟ್ಟಾದರು. "ಬೋನಸ್ಸಿನ ಮಾತು ಬಾಕಿ ಬಿದ್ದಿದೆ, ಪಿ.ಎಫ್. ಮಾತು ಬಾಕಿ ಬಿದ್ದಿದೆ. ಅದನ್ನೆಲ್ಲ ಬಿಟ್ಟು ಬಿಳಿಯರ ಪತ್ತೇದಾರಿ ಸಿನಿಮಾದ ಮೇಲೆ ಭಾಷಣವೇ?" ಎಂದು ಕೇಳಿದರು. ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಆದರೂ ನಾವು ವಿಷಯ ಬದಲಿಸಲಿಲ್ಲ. ಪಾಳಿ ಮುಗಿಸಿ ಮನೆಗೆ ಹೋದ ಹುಡುಗ ಉಂಡು ಕೈತೊಳೆದ ಮೇಲೆ ನಮ್ಮ ಕರಪತ್ರ ಹಿಡಿಯುತ್ತಾನೋ, ಮೊಬೈಲು ಹಿಡಿಯುತ್ತಾನೋ? ಉತ್ತರ ನಿಮಗೂ ಗೊತ್ತು, ನಮಗೂ ಗೊತ್ತು. ನಾವು ಅವನಿಗೆ ತಿಂಗಳಿಗೊಮ್ಮೆ ಅರ್ಧ ಗಂಟೆ ಮಾತಾಡುತ್ತೇವೆ. ಸಿನಿಮಾ ಅವನಿಗೆ ದಿನಕ್ಕೆ ಎರಡು ಗಂಟೆ ಮಾತಾಡುತ್ತದೆ. ಆ ಎರಡು ಗಂಟೆ ಅವನಿಗೆ ಏನು ಹೇಳಲಾಗುತ್ತಿದೆಯೆಂಬುದು ಸಂಘಟನೆ ಮಾಡುವವರಿಗೆ ತಿಳಿದಿರಬೇಡವೇ?

ಇನ್ನೊಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ನಾವೂ ಈ ಚಿತ್ರಗಳನ್ನು ಮುಂದಿನ ಬೆಂಚಿನಲ್ಲಿ ಕುಳಿತು ನೋಡಿದವರು, ಸಿಳ್ಳೆ ಹಾಕಿದವರು. ಬೆಟ್ಟದ ಅಂಚಿನಿಂದ ಆತ ಹಾರಿದಾಗ ನಮ್ಮ ಎದೆಯೂ ಹಾರಿದೆ. ಆದ್ದರಿಂದ "ನೋಡಬೇಡಿ" ಎಂಬ ಉಪದೇಶ ನಮ್ಮಿಂದ ಬರಲಾರದು. ನೋಡಿ, ಆದರೆ ಅಂಗಡಿಯವನು ತೂಕ ಹಾಕುವಾಗ ಅವನ ಮುಖ ನೋಡದೆ ತಕ್ಕಡಿಯ ಮುಳ್ಳು ನೋಡುತ್ತೀರಲ್ಲ, ಹಾಗೆ ನೋಡಿ.

೧೯೬೨ರಿಂದ ೨೦೨೧ರವರೆಗೆ ಈ ಸರಣಿಯಲ್ಲಿ ಇಪ್ಪತ್ತೈದು ಚಿತ್ರಗಳು ಬಂದವು. ಆರು ಜನ ನಟರು ಒಬ್ಬರಾದ ಮೇಲೊಬ್ಬರಂತೆ ಅದೇ ಪಾತ್ರದ ಕೋಟು ತೊಟ್ಟರು. ೦೦೭ ಎಂಬ ಸಂಖ್ಯೆ, ಕೊಲ್ಲುವ ಪರವಾನಗಿ, ಆ ವಾದ್ಯದ ಮಟ್ಟು, ಮೊದಲಿಗೆ ಬಂದೂಕಿನ ನಳಿಗೆಯೊಳಗಿಂದ ಕಾಣುವ ಆಕೃತಿ—ಇವೆಲ್ಲ ಹೆಚ್ಚು ಕಡಿಮೆ ಹಾಗೆಯೇ ಉಳಿದವು. ಬದಲಾದವನು ಶತ್ರು. ಯಾವ ಕಾಲದಲ್ಲಿ ಯಜಮಾನರಿಗೆ ಯಾರ ಭಯವಿತ್ತು, ಯಾರೊಡನೆ ವ್ಯಾಪಾರ ಬೇಕಿತ್ತು ಎಂಬುದನ್ನು ತಿಳಿಯಬೇಕಾದರೆ ಈ ಇಪ್ಪತ್ತೈದು ಚಿತ್ರಗಳ ಖಳನಾಯಕರ ಪಟ್ಟಿ ಒಂದು ಒಳ್ಳೆಯ ಖಾತೆಪುಸ್ತಕ.

ಮೊದಲು ಹುಟ್ಟಿನ ಕಥೆ. ಬಾಂಡನನ್ನು ಬರೆದವನು ಇಯಾನ್ ಫ್ಲೆಮಿಂಗ್ ಎಂಬ ಇಂಗ್ಲಿಷಿನವ. ಬ್ಯಾಂಕ್ ಒಡೆಯರ ಮನೆತನ. ಎರಡನೇ ಮಹಾಯುದ್ಧದಲ್ಲಿ ನೌಕಾದಳದ ಗುಪ್ತಚರ ಶಾಖೆಯಲ್ಲಿ ಕೆಲಸ. ಮೊದಲ ಕಾದಂಬರಿ ಬಂದದ್ದು ೧೯೫೩ರಲ್ಲಿ. ಬರೆದದ್ದು ಲಂಡನ್ನಿನ ಚಳಿಯಲ್ಲಲ್ಲ, ಆಗ ಬ್ರಿಟಿಷರ ವಸಾಹತಾಗಿದ್ದ ಜಮೈಕಾದ ಕಡಲತೀರದ ತನ್ನ ಬಂಗಲೆಯಲ್ಲಿ. ಆ ಬಂಗಲೆಯ ಹೆಸರು ಗೋಲ್ಡನ್‌ಐ. ಹೆಸರು ನೆನಪಿಡಿ, ಮುಂದೆ ಒಂದು ಚಿತ್ರಕ್ಕೇ ಅದನ್ನಿಟ್ಟರು. ೧೯೫೬ರಲ್ಲಿ ಈಜಿಪ್ಟಿನ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್ನು ಫ್ರಾನ್ಸು ಇಸ್ರೇಲು ಕೂಡಿಕೊಂಡು ದಂಡೆತ್ತಿ ಹೋಗಿ, ಅಮೆರಿಕ ಗದರಿಸಿದ ಮೇಲೆ ಬಾಲ ಮುದುರಿಕೊಂಡು ಬಂದವು. ಆ ಅವಮಾನದಲ್ಲಿ ಆರೋಗ್ಯ ಕೆಟ್ಟ ಪ್ರಧಾನಿ ಆಂಟನಿ ಈಡನ್ ವಿಶ್ರಾಂತಿಗೆ ಹೋದದ್ದು ಎಲ್ಲಿಗೆ? ಇದೇ ಫ್ಲೆಮಿಂಗನ ಬಂಗಲೆಗೆ! ಸಾಮ್ರಾಜ್ಯ ಮುಳುಗುತ್ತಿದ್ದಾಗ ಪ್ರಧಾನಿ ಒರಗಿದ ಮನೆಯಲ್ಲೇ, ಲೋಕವನ್ನು ಒಬ್ಬನೇ ಕಾಯುವ ಇಂಗ್ಲಿಷ್ ಅಧಿಕಾರಿಯ ಕಥೆ ವರ್ಷಕ್ಕೊಂದರಂತೆ ಹುಟ್ಟುತ್ತಿತ್ತು. ನಿಜದಲ್ಲಿ ಕಳೆದುಕೊಂಡದ್ದನ್ನು ಕಾಗದದ ಮೇಲೆ ಗೆಲ್ಲುವುದು ಹೀಗೆ.

ಮೊದಲ ಚಿತ್ರ 'ಡಾಕ್ಟರ್ ನೋ'. ಕಥೆ ನಡೆಯುವುದೂ ಜಮೈಕಾದಲ್ಲಿಯೇ. ಜಮೈಕಾ ಸ್ವತಂತ್ರವಾದದ್ದು ೧೯೬೨ರ ಆಗಸ್ಟ್ ೬ರಂದು. ಚಿತ್ರ ಲಂಡನ್ನಿನಲ್ಲಿ ತೆರೆಕಂಡದ್ದು ಅದೇ ಅಕ್ಟೋಬರ್ ೫ರಂದು. ಧ್ವಜ ಇಳಿದು ಎರಡು ತಿಂಗಳಾಗಿದೆ. ತೆರೆಯ ಮೇಲೆ ಮಾತ್ರ ಲಂಡನ್ನಿನಿಂದ ಬಂದಿಳಿದ ದೊರೆ ಎಂದಿನಂತೆ ಅಪ್ಪಣೆ ಕೊಡುತ್ತಿದ್ದಾನೆ. ಅವನ ಜೊತೆಗೆ ಕ್ವಾರೆಲ್ ಎಂಬ ಕಪ್ಪು ಜನಾಂಗದ ದೋಣಿಕಾರನಿದ್ದಾನೆ. ದೋಣಿ ನಡೆಸುವವನು ಅವನು, ದಾರಿ ಬಲ್ಲವನು ಅವನು. ಬಾಂಡ್ ಅವನಿಗೆ ಹೇಳುವುದು, ನನ್ನ ಬೂಟು ತೆಗೆದುಕೊಂಡು ಬಾ ಎಂದು. ಕೊನೆಗೆ ಶತ್ರುವಿನ ಬೆಂಕಿಯುಗುಳುವ ಬಂಡಿಗೆ ಸಿಕ್ಕು ಸುಟ್ಟುಹೋಗುವವನೂ ಅವನೇ. ನಾವು ಈ ಚಿತ್ರವನ್ನು ಮೊದಲು ನೋಡಿದಾಗ ಬೂಟಿನ ಮಾತು ನಮ್ಮ ಕಿವಿಗೆ ಬೀಳಲೇ ಇಲ್ಲ. ಎರಡನೆಯ ಸಲ ಬಿತ್ತು.

ಆದರೆ ಆ ದೊರೆಯ ಪಾತ್ರ ಮಾಡಿದವನ ಹುಟ್ಟು ನೋಡಿ. ಷಾನ್ ಕಾನರಿ ಎಡಿನ್‌ಬರೋದ ಬಡ ಕೇರಿಯವ. ತಂದೆ ಕಾರ್ಖಾನೆಯಲ್ಲಿ ದುಡಿದು ಲಾರಿ ನಡೆಸಿದವ, ತಾಯಿ ಮನೆಗೆಲಸದವಳು. ಹುಡುಗ ಎಳೆಯ ವಯಸ್ಸಿಗೇ ಶಾಲೆ ಬಿಟ್ಟು ಒಂದು ಸಹಕಾರ ಸಂಘದ ಹಾಲಿನ ಗಾಡಿ ಹೊಡೆದ. ಶವಪೆಟ್ಟಿಗೆಗೆ ಪಾಲಿಷ್ ಹಚ್ಚಿದ. ಇಂಥವನನ್ನು ನಿರ್ದೇಶಕ ಟೆರೆನ್ಸ್ ಯಂಗ್ ತನ್ನ ದರ್ಜಿಯ ಬಳಿ ಕರೆದೊಯ್ದು ಸೂಟು ಹೊಲಿಸಿ, ದೊಡ್ಡವರ ನಡೆನುಡಿ ಕಲಿಸಿದ. ಗಾಡಿ ಹೊಡೆದವನ ಮೈಕಟ್ಟು, ಸಾಹೇಬರ ಸೂಟು. ಆ ಬೆರಕೆಯೇ ಜನಕ್ಕೆ ಹಿಡಿಸಿತೆಂದು ನಮ್ಮ ಎಣಿಕೆ. ಚಿತ್ರಗಳು ಹಣದ ಮಳೆ ಸುರಿಸಿದವು. ತನ್ನ ಪಾಲು ಸರಿಯಾಗಿ ಬರುತ್ತಿಲ್ಲವೆಂದು ಕಾನರಿಗೂ ನಿರ್ಮಾಪಕರಿಗೂ ಜಗಳ ಬಿತ್ತು. ೧೯೬೭ರಲ್ಲಿ ಬಿಟ್ಟುಹೋದ. ಹನ್ನೆರಡೂವರೆ ಲಕ್ಷ ಡಾಲರ್ ಕೊಟ್ಟು ೧೯೭೧ರಲ್ಲಿ ಮರಳಿ ಕರೆದಾಗ ಆ ಹಣವನ್ನು ಸ್ಕಾಟ್ಲೆಂಡಿನ ಮಕ್ಕಳ ವಿದ್ಯಾಭ್ಯಾಸದ ನಿಧಿಗೆ ಕೊಟ್ಟ. ಆತ ಎಲ್ಲದರಲ್ಲಿಯೂ ಸಂಭಾವಿತನಾಗಿದ್ದನೆಂದು ನಾವು ಹೇಳುತ್ತಿಲ್ಲ. ಕೂಲಿಯ ಲೆಕ್ಕ ಕೇಳಲು ಮಾತ್ರ ಆತನಿಗೆ ನಾಚಿಕೆಯಿರಲಿಲ್ಲ.

ಈಗ ಶತ್ರುವಿನ ವಿಷಯ. ಫ್ಲೆಮಿಂಗನ ಮೊದಮೊದಲ ಕಾದಂಬರಿಗಳಲ್ಲಿ ಶತ್ರುವೆಂದರೆ ರಷ್ಯನರು. ಚಿತ್ರಕ್ಕೆ ಬರುವಾಗ ನಿರ್ಮಾಪಕರು ಅದನ್ನು ತಿದ್ದಿದರು. ರಷ್ಯದ ಬದಲು 'ಸ್ಪೆಕ್ಟರ್' ಎಂಬ ಕಳ್ಳರ ಕೂಟ; ಅದಕ್ಕೆ ಪೂರ್ವವೂ ಇಲ್ಲ, ಪಶ್ಚಿಮವೂ ಇಲ್ಲ; ಎರಡೂ ಕಡೆಯವರನ್ನು ಕಾದಾಡಲು ಬಿಟ್ಟು ನಡುವೆ ಗಂಟು ಹೊಡೆಯುವುದು ಅದರ ಕಸುಬು. ಇದು ಶಾಂತಿಯ ಮೇಲಿನ ಪ್ರೀತಿಯಿಂದ ಆದದ್ದಲ್ಲ. ಲೋಕದ ಎಲ್ಲ ಟಾಕೀಸುಗಳಲ್ಲಿ ಚಿತ್ರ ಓಡಬೇಕಾದರೆ ಯಾವ ಸರ್ಕಾರವೂ ಮುನಿಯಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೂ ತಿಳಿಯದೆ ಒಂದು ನಿಜ ನುಸುಳಿಬಿಟ್ಟಿತು: ಎರಡು ದೇಶಗಳು ಕಾದಾಡುವಾಗ ಲಾಭ ಮಾಡುವ ಮೂರನೆಯವನೊಬ್ಬನಿರುತ್ತಾನೆ.

ಚಿಲ್ಲರೆ ವ್ಯಾಪಾರದ ಮಿತ್ರರು ೧೯೬೪ರ 'ಗೋಲ್ಡ್‌ಫಿಂಗರ್' ನೋಡಬೇಕು. ಅದರ ಖಳ ಅಮೆರಿಕದ ಸರ್ಕಾರಿ ಚಿನ್ನದ ಉಗ್ರಾಣಕ್ಕೆ ಕನ್ನ ಹಾಕಲು ಹೊರಡುತ್ತಾನೆ. ಚಿನ್ನ ಕದಿಯಲಿಕ್ಕಲ್ಲ. ಅಷ್ಟೊಂದು ಚಿನ್ನ ಹೊರುವುದಕ್ಕೆ ವಾರಗಟ್ಟಲೆ ಬೇಕು. ಅಲ್ಲಿ ಅಣುವಿಷದ ಬಾಂಬು ಸಿಡಿಸಿ, ಆ ಚಿನ್ನವನ್ನು ಹಲವು ದಶಕ ಯಾರೂ ಮುಟ್ಟದಂತೆ ಮಾಡಿದರೆ ತನ್ನ ಗುಪ್ತ ದಾಸ್ತಾನಿನ ಬೆಲೆ ಹತ್ತುಪಟ್ಟು ಏರುತ್ತದೆಂಬುದು ಅವನ ಲೆಕ್ಕ. ಊರಲ್ಲಿ ಬೇಳೆ ಸಿಗದಂತೆ ಮಾಡಿ ಗೋದಾಮಿನ ಬೇಳೆಗೆ ಬೆಲೆ ಏರಿಸುವ ಸಗಟು ಸಾಹುಕಾರನನ್ನು ಕಂಡವರಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರಮಂದಿರದಲ್ಲಿ ಅವನನ್ನು ಹುಚ್ಚನೆನ್ನುತ್ತೇವೆ, ಪೇಟೆಯಲ್ಲಿ ಜಾಣನೆನ್ನುತ್ತೇವೆ.

ಈ ಸ್ಪೆಕ್ಟರಿನದೇ ಒಂದು ತಮಾಷೆ. ಕೆವಿನ್ ಮೆಕ್ಲೋರಿ ಎಂಬವನು ಫ್ಲೆಮಿಂಗನ ಜೊತೆ ಕುಳಿತು ಒಂದು ಚಿತ್ರಕಥೆ ಮಾಡಿದ್ದ. ಫ್ಲೆಮಿಂಗ್ ಅದನ್ನೇ 'ಥಂಡರ್‌ಬಾಲ್' ಕಾದಂಬರಿಯಾಗಿ ಬರೆದ. ಮೆಕ್ಲೋರಿ ಕೋರ್ಟಿಗೆ ಹೋದ. ೧೯೬೩ರಲ್ಲಿ ರಾಜಿಯಾಗಿ ಚಿತ್ರದ ಹಕ್ಕು ಅವನಿಗೆ ಬಂತು. ಆಮೇಲೆ ಸ್ಪೆಕ್ಟರ್ ಯಾರ ಸ್ವತ್ತೆಂದು ತಕರಾರು. ೧೯೭೧ರ ನಂತರ ಆ ಹೆಸರೇ ಚಿತ್ರಗಳಿಂದ ಮಾಯವಾಯಿತು. ೧೯೮೧ರ ಚಿತ್ರದ ಮೊದಲಿಗೆ ಗಾಲಿಕುರ್ಚಿಯ ಬೋಳುತಲೆಯವನೊಬ್ಬನನ್ನು, ಹೆಸರೇ ಹೇಳದೆ, ಕಾರ್ಖಾನೆಯ ಚಿಮಣಿಯೊಳಗೆ ಎತ್ತಿ ಹಾಕಿದರು. ಅದು ಮೆಕ್ಲೋರಿಗೆ ಕೊಟ್ಟ ಉತ್ತರವೆಂದು ನೋಡಿದವರಿಗೆಲ್ಲ ಗೊತ್ತಾಯಿತು. ೨೦೧೩ರಲ್ಲಿ ಅವನ ವಾರಸುದಾರರಿಂದ ಹಕ್ಕು ಕೊಂಡ ಮೇಲೆ, ೨೦೧೫ರಲ್ಲಿ ಸ್ಪೆಕ್ಟರ್ ಮತ್ತೆ ಬಂತು. ಲೋಕವನ್ನೇ ನುಂಗಹೊರಟ ರಾಕ್ಷಸಕೂಟ, ಕಾಗದಪತ್ರ ಸರಿಯಿಲ್ಲವೆಂದು ನಲವತ್ತು ವರ್ಷ ಮನೆಯೊಳಗೆ ಕೂತಿತ್ತು!

ಸರಿ. ೧೯೬೭ರ 'ಯೂ ಓನ್ಲಿ ಲಿವ್ ಟ್ವೈಸ್' ಚಿತ್ರಕ್ಕೆ ಬನ್ನಿ. ಇಲ್ಲಿ ಖಳನ ಅಡಗುದಾಣ ಜಪಾನಿನ ಒಂದು ಜ್ವಾಲಾಮುಖಿಯ ಹೊಟ್ಟೆಯೊಳಗೆ. ಕೆನ್ ಆ್ಯಡಮ್ ಎಂಬ ಕಲಾನಿರ್ದೇಶಕ ಅದನ್ನು ಲಂಡನ್ ಬಳಿಯ ಪೈನ್‌ವುಡ್ ಸ್ಟುಡಿಯೊದ ಬಯಲಿನಲ್ಲಿ ನಿಜಕ್ಕೂ ಕಟ್ಟಿಸಿದ. ಉಕ್ಕಿನ ತೊಲೆ, ರಾಕೆಟ್ಟು ನಿಲ್ಲುವ ಕಟ್ಟೆ, ಸರಿಯುವ ಛಾವಣಿ. ಆ ಒಂದು ಸೆಟ್ಟಿಗೆ ತಗಲಿದ್ದು ಸುಮಾರು ಹತ್ತು ಲಕ್ಷ ಡಾಲರ್. ಐದು ವರ್ಷದ ಹಿಂದೆ ಮೊದಲ ಚಿತ್ರ ಇಡಿಯಾಗಿ ಮುಗಿದದ್ದು ಹೆಚ್ಚು ಕಡಿಮೆ ಅಷ್ಟರಲ್ಲೇ. ಅದನ್ನು ನೋಡುತ್ತ ನಮಗೆ ಒಂದು ಯೋಚನೆ ಬಂತು. ಮಾಸ್ತರಿಕೆ ಮಾಡಿದವರಿಗೆ ಹಾಜರಿ ಕೂಗುವ ಚಟ ಬಿಡುವುದಿಲ್ಲ. ಆ ಗುಡ್ಡದ ಹೊಟ್ಟೆಯೊಳಗೆ ಬಣ್ಣಬಣ್ಣದ ಸಮವಸ್ತ್ರ ತೊಟ್ಟು ಗಾಡಿ ಓಡಿಸುವವರು, ಕೊಳವೆ ತಿರುಗಿಸುವವರು, ಗುಂಡಿ ಒತ್ತುವವರು ಎಷ್ಟು ಜನ? ಅವರನ್ನು ಅಲ್ಲಿಗೆ ಕರೆತಂದ ಮೇಸ್ತ್ರಿ ಯಾರು? ಪಗಾರ ಎಷ್ಟು? ಕಥೆ ಮುಗಿಯುವಾಗ ಅವರೆಲ್ಲ ಗುಂಡಿಗೋ ಬೆಂಕಿಗೋ ಸಾಯುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಚಿತ್ರದಿಂದ ಚಿತ್ರಕ್ಕೆ ಇದೇ ಆಟ. ಹಡಗಿನಲ್ಲಿ, ಗಣಿಯಲ್ಲಿ, ಆಕಾಶದ ನಿಲ್ದಾಣದಲ್ಲಿ. ಅರವತ್ತು ವರ್ಷದಲ್ಲಿ ಒಂದು ಸಲವೂ ಆ ಹಾಜರಿಯನ್ನು ಯಾರೂ ಕೂಗಲಿಲ್ಲ.

ಒಂದೇ ಒಂದು ಚಿತ್ರದಲ್ಲಿ ಮುಸುಕು ಸ್ವಲ್ಪ ಸರಿಯಿತು. ೧೯೮೫ರ 'ಎ ವ್ಯೂ ಟು ಎ ಕಿಲ್'. ಕಂಪ್ಯೂಟರಿನ ಚಿಪ್ಪಿನ ವ್ಯಾಪಾರ ತನ್ನೊಬ್ಬನದೇ ಆಗಬೇಕೆಂದು ಕ್ಯಾಲಿಫೋರ್ನಿಯಾದ ಕಾರ್ಖಾನೆಗಳ ಕಣಿವೆಯನ್ನೇ ಮುಳುಗಿಸಹೊರಟ ಬಂಡವಾಳಗಾರನ ಕಥೆ. ತನ್ನದೇ ಗಣಿಗೆ ನೀರು ಬಿಟ್ಟು, ತಪ್ಪಿಸಿಕೊಳ್ಳುವ ತನ್ನದೇ ಕೆಲಸಗಾರರನ್ನು ಆತ ನಗುತ್ತ ಮಷಿನ್‌ಗನ್ನಿನಿಂದ ಹೊಡೆಯುತ್ತಾನೆ. ಆಗ ಐವತ್ತೇಳು ವರ್ಷದವನಾಗಿದ್ದ ನಾಯಕ ರೋಜರ್ ಮೂರ್, ಈ ಚಿತ್ರದ ಹಿಂಸೆ ತನಗೆ ಹಿಡಿಸಲಿಲ್ಲವೆಂದು ಮುಂದೆ ಹೇಳಿಕೊಂಡ. ಬೇರೆ ಚಿತ್ರಗಳಲ್ಲಿ ಅದೇ ಜನ ಸತ್ತಾಗ ಯಾರ ಮನಸ್ಸೂ ಕೆಡಲಿಲ್ಲ, ಕೊಂದವನು ನಾಯಕ ನೋಡಿ.

ಈ ಅಲೆ ನಮ್ಮ ಬಾಗಿಲಿಗೂ ಬಂತು. ೧೯೬೮ರಲ್ಲಿ ದೊರೈ-ಭಗವಾನ್ ಜೋಡಿ 'ಜೇಡರ ಬಲೆ' ತೆಗೆದರು, ರಾಜಕುಮಾರ್ ಸಿ.ಐ.ಡಿ. ೯೯೯ ಆದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. ೯೯೯', ಮರುವರ್ಷ ಇನ್ನೊಂದು, ೧೯೭೮ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕಕ್ಕೆ ನಿಂತಿತು. ನಮ್ಮ ಹಿರಿಯ ಸಂಗಾತಿ ಈಗ ಮುಗುಳ್ನಗುತ್ತಿದ್ದಾರೆ. ಅವರೂ ಟಿಕೆಟ್ಟಿಗೆ ಸಾಲು ನಿಂತವರೇ ಎಂದು ನಮಗೆ ಬಲ್ಲವರು ಹೇಳಿದ್ದಾರೆ. ರಾಜಕುಮಾರ್ ಒಂದು ಕೋಟಿಗೆ ಅಂಟಿಕೊಳ್ಳಲಿಲ್ಲ. ಪತ್ತೇದಾರನಾದವರೇ ರೈತನೂ ಆದರು, ದಾಸನೂ ಆದರು. ಬಾಂಡನಿಗೆ ಆ ದಾರಿಯಿರಲಿಲ್ಲ. ಅವನು ವ್ಯಾಪಾರದ ಮುದ್ರೆಯಾಗಿಬಿಟ್ಟಿದ್ದ. ಮುದ್ರೆ ನಿಲ್ಲಬಾರದು.

ಎಪ್ಪತ್ತರ ದಶಕದ ಚಿತ್ರಗಳನ್ನು ಬೇಗ ದಾಟಿಬಿಡೋಣ. ಪಕ್ಕದಂಗಡಿಯಲ್ಲಿ ಏನು ಮಾರಾಟವಾಗುತ್ತದೋ ಅದನ್ನು ತನ್ನ ಗಾಜಿನ ಪೆಟ್ಟಿಗೆಯಲ್ಲಿಡುವುದೇ ಆ ಕಾಲದ ನೀತಿ. ೧೯೭೭ರ ಚಿತ್ರದ ಕೊನೆಗೆ ಮುಂದಿನ ಚಿತ್ರ ಇಂಥದ್ದೆಂದು ತೆರೆಯ ಮೇಲೆ ಬರೆದು ತೋರಿಸಿದ್ದರು. ಅಷ್ಟರಲ್ಲಿ ಅಮೆರಿಕದಲ್ಲಿ 'ಸ್ಟಾರ್ ವಾರ್ಸ್' ಎಂಬ ಆಕಾಶದ ಚಿತ್ರ ಗಲ್ಲಾ ತುಂಬಿಸಿತು. ಕೊಟ್ಟ ಮಾತು ಬಿಟ್ಟು ೧೯೭೯ರಲ್ಲಿ ಬಾಂಡನನ್ನೂ ಆಕಾಶಕ್ಕೇ ಕಳಿಸಿದರು. ರಷ್ಯ-ಅಮೆರಿಕಗಳ ನಡುವೆ ಬಿಗಿ ಸಡಿಲವಾಗಿದ್ದ ಕಾಲ. ಆದ್ದರಿಂದ ೧೯೭೭ರಲ್ಲಿ ರಷ್ಯದ ಗೂಢಚಾರಿಣಿ ಬಾಂಡನ ಜೊತೆಗಾತಿ.

೧೯೮೩ರ ಹೊತ್ತಿಗೆ ಗಾಳಿ ತಿರುಗಿತು. ಆ ವರ್ಷದ 'ಆಕ್ಟೋಪಸಿ' ನಮ್ಮ ಉದಯಪುರದಲ್ಲಿ ತೆಗೆದದ್ದು. ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಬಾಂಡನ ಭಾರತೀಯ ಜೊತೆಗಾರ. ಜೂಜಿನಲ್ಲಿ ಗೆದ್ದ ಹಣದಲ್ಲಿ ಒಂದು ಕಂತೆ ಕೊಟ್ಟು ಬಾಂಡ್ ಹೇಳುತ್ತಾನೆ, ಇದರಲ್ಲಿ ಕೆಲವು ವಾರ ನಿನ್ನ ಸಾರಿನ ಖರ್ಚು ಕಳೆಯುತ್ತದೆ ಎಂಬರ್ಥದ ಮಾತು. ಆಮೇಲೆ ಆಟೋರಿಕ್ಷಾದ ಓಟ. ಬೆನ್ನಟ್ಟುವವರನ್ನು ತಡೆಯಲು ಬಾಂಡ್ ಬೀದಿಗೆ ನೋಟು ಎರಚುತ್ತಾನೆ. ನಮ್ಮ ಜನ ಮುಗಿಬೀಳುತ್ತಾರೆ. ೧೯೬೨ರಲ್ಲಿ ಬೂಟು, ೧೯೮೩ರಲ್ಲಿ ಸಾರು. ಜೊತೆಗಾರನ ಗತಿಯೂ ಕ್ವಾರೆಲನದೇ, ನಡುವಿನಲ್ಲಿ ಸಾವು.

ಆದರೆ ಆ ಚಿತ್ರದ ವಿಷ ಇರುವುದು ಬೇರೆ ಕಡೆ. ಒಬ್ಬ ರಷ್ಯನ್ ಸೇನಾಪತಿ ಪಶ್ಚಿಮ ಜರ್ಮನಿಯ ಅಮೆರಿಕನ್ ನೆಲೆಯಲ್ಲಿ ಅಣುಬಾಂಬು ಸಿಡಿಸಿ ಅದು ಅಪಘಾತವೆಂದು ತೋರಿಸಹೊರಡುತ್ತಾನೆ. ಹಾಗಾದರೆ ಹೆದರಿದ ಯುರೋಪಿನ ಜನ ಅಣ್ವಸ್ತ್ರ ಬೇಡವೆನ್ನುತ್ತಾರೆ, ಆಗ ರಷ್ಯ ನುಗ್ಗಬಹುದು ಎಂಬುದು ಹೂಟ. ಅದೇ ೧೯೮೩ರಲ್ಲಿ ಲಂಡನ್, ಬಾನ್ ಮೊದಲಾದ ನಗರಗಳಲ್ಲಿ ಲಕ್ಷಾಂತರ ಜನ, ಹೆಂಗಸರು, ಕೆಲಸಗಾರರು, ಪಾದ್ರಿಗಳು, ಅಮೆರಿಕದ ಅಣು ಕ್ಷಿಪಣಿಗಳು ನಮ್ಮ ನೆಲದಲ್ಲಿ ಬೇಡವೆಂದು ಬೀದಿಗಿಳಿದಿದ್ದರು. ಅವರ ಬೇಡಿಕೆ ಶತ್ರುವಿನ ಹೂಟಕ್ಕೆ ಅನುಕೂಲವೆಂದು ಈ ಚಿತ್ರ ಆನೆ, ಸರ್ಕಸ್ಸು, ಅರಮನೆಗಳ ನಡುವೆ ಮೆತ್ತಗೆ ಹೇಳಿತು. ನಾವು ಆನೆ ನೋಡುತ್ತಿದ್ದೆವು.

೧೯೮೭ರಲ್ಲಿ ಆಫ್ಘಾನಿಸ್ತಾನದ ಮುಜಾಹಿದ್ದೀನರು ಬಾಂಡನ ಗೆಳೆಯರು. ಅವರ ನಾಯಕ ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಸುಸಂಸ್ಕೃತ. ಮುಂದಿನದು ನಿಮಗೆ ಗೊತ್ತೇ ಇದೆ. ೧೯೮೯ರಲ್ಲಿ ಬರ್ಲಿನ್ ಗೋಡೆ ಬಿತ್ತು. ಆಮೇಲೆ ಆರು ವರ್ಷ ಚಿತ್ರವೇ ಬರಲಿಲ್ಲ. ಶತ್ರು ಇಲ್ಲದೆ ಹೋದದ್ದಕ್ಕಲ್ಲ. ಸ್ಟುಡಿಯೊ ಕೈಬದಲಾಗುವಾಗ ಹಳೆಯ ಚಿತ್ರಗಳ ಹಕ್ಕಿನ ಮೇಲೆ ದಾವೆ ಬಿದ್ದದ್ದಕ್ಕೆ. ೧೯೯೫ರ 'ಗೋಲ್ಡನ್‌ಐ'ನಲ್ಲಿ ಮರಳಿ ಬಂದಾಗ ಬಾಂಡನ ಮೇಲಧಿಕಾರಿ ಹೆಂಗಸು, ಜೂಡಿ ಡೆಂಚ್. ನೀನು ಹಳೆಯ ಕಾಲದ ಪಳೆಯುಳಿಕೆ ಎಂದು ಆಕೆ ಮುಖದ ಮೇಲೆ ಹೇಳುತ್ತಾಳೆ. ಬ್ರಿಟನ್ನಿನ ಒಳಗಿನ ಗುಪ್ತಚರ ಸಂಸ್ಥೆಗೆ ೧೯೯೨ರಲ್ಲೇ ಮೊದಲ ಹೆಂಗಸು ಮುಖ್ಯಸ್ಥಳಾಗಿದ್ದಳು. ಚಿತ್ರಕ್ಕೆ ಬುದ್ಧಿ ಬರಲು ಮೂರು ವರ್ಷ ಹಿಡಿಯಿತು. ಇಲ್ಲಿ ಕುಳಿತ ಅಕ್ಕತಂಗಿಯರ ಎದುರು ಒಂದು ಮಾತು ಹೇಳಲೇಬೇಕು. 'ಗೋಲ್ಡ್‌ಫಿಂಗರ್'ನಲ್ಲಿ ಹುಲ್ಲಿನ ಕೊಟ್ಟಿಗೆಯ ಒಂದು ದೃಶ್ಯವಿದೆ. ಬೇಡವೆಂದು ತಳ್ಳುವವಳನ್ನು ನಾಯಕ ನೆಲಕ್ಕೊತ್ತುತ್ತಾನೆ. ಹಿಂದೆ ಸಂಗೀತ ಬಾರಿಸುತ್ತಾರೆ. ಅದಕ್ಕೆ ಪ್ರಣಯವೆಂದು ಹೆಸರು. ಆ ಕಾಲದವರು ಸಹಿಸಿದರು. ಇಂದು ಅದೇ ದೃಶ್ಯ ತೆಗೆಯಲಾರರು. ಇದು ನಿರ್ಮಾಪಕರ ಹೃದಯ ಕರಗಿದ್ದರಿಂದ ಆದದ್ದಲ್ಲ. ಹೆಂಗಸರು ಹೊರಗೆ ಹೋರಾಡಿದ್ದರಿಂದ ಆದದ್ದು.

೧೯೯೭ರಲ್ಲಿ ಶತ್ರು ಒಬ್ಬ ಪತ್ರಿಕೆಗಳ ಒಡೆಯ. ತನ್ನ ಸುದ್ದಿ ಮಾರಾಟವಾಗಲೆಂದು ಬ್ರಿಟನ್-ಚೀನಾಗಳ ನಡುವೆ ಯುದ್ಧ ಹಚ್ಚುತ್ತಾನೆ. (ಸಂಪಾದಕರು ಈ ಉಪಾಯ ಮಾಡಬಾರದೆಂದು ಕೋರುತ್ತೇವೆ, ನಮ್ಮ ಪತ್ರಿಕೆಯ ಚಂದಾ ಬಾಕಿ ಅಷ್ಟರಿಂದ ತೀರುವುದಿಲ್ಲ.) ಅದೇ ಚಿತ್ರದಲ್ಲಿ ಬಾಂಡ್ ಓಡಿಸುವ ಕಾರು ಜರ್ಮನ್ ಕಂಪನಿಯದು. ೨೦೧೨ರ ಚಿತ್ರದಲ್ಲಿ ಆತ ತನ್ನ ಹಳೆಯ ಪಾನೀಯ ಬಿಟ್ಟು ಬಿಯರ್ ಬಾಟಲಿ ಹಿಡಿದ, ಬಿಯರ್ ಕಂಪನಿ ಹಣ ಕೊಟ್ಟಿತ್ತು. ೨೦೦೬ರಲ್ಲಿ ಡೇನಿಯಲ್ ಕ್ರೇಗ್ ಬಂದಾಗ ಎಲ್ಲವನ್ನೂ ಅ-ಆ-ಇ-ಈಯಿಂದ ಮತ್ತೆ ಶುರುಮಾಡಿದರು. ಹೊಡೆತ ತಿಂದರೆ ರಕ್ತ ಬರುವ ಬಾಂಡ್. ಶತ್ರುವೂ ಹೊಸಬ: ಒಂದು ವಿಮಾನ ಕಂಪನಿಯ ಷೇರು ಬೀಳುತ್ತದೆಂದು ಬಾಜಿ ಕಟ್ಟಿ, ಅದು ಬೀಳಲೆಂದು ಬಾಂಬಿಡಿಸುವವನು. ಆ ಚಿತ್ರವನ್ನು ನಾವು ಮನಸಾರೆ ಮೆಚ್ಚಿದೆವು.

ಅದರ ಮುಂದಿನದರ ಮೇಲೆ ಸ್ವಲ್ಪ ನಿಲ್ಲಬೇಕು. ೨೦೦೮ರ 'ಕ್ವಾಂಟಮ್ ಆಫ್ ಸೊಲೇಸ್'. ಇದು ಚೆನ್ನಾಗಿಲ್ಲವೆಂದು ಬಹಳ ಜನ ಹೇಳುತ್ತಾರೆ. ಸರಣಿಯಲ್ಲೇ ಅತ್ಯಂತ ಚಿಕ್ಕದು. ಇದಕ್ಕೆ ಒಂದು ಕಾರಣ, ೨೦೦೭ರ ನವೆಂಬರಿನಿಂದ ೨೦೦೮ರ ಫೆಬ್ರುವರಿಯವರೆಗೆ ಅಮೆರಿಕದ ಚಿತ್ರಕಥೆಗಾರರ ಸಂಘ ಮುಷ್ಕರ ಹೂಡಿತ್ತು. ಬರೆಯುವವರಿಲ್ಲದೆ ನಟ ಮತ್ತು ನಿರ್ದೇಶಕ ತಾವೇ ಮಾತು ಬರೆದುಕೊಂಡರೆಂದು ಕ್ರೇಗ್ ಆಮೇಲೆ ಒಪ್ಪಿಕೊಂಡ. ಬರೆಯುವವನು ಕೈ ನಿಲ್ಲಿಸಿದರೆ ಸರ್ವಶಕ್ತ ಗೂಢಚಾರನೂ ತೊದಲುತ್ತಾನೆ.

ಕಥೆ ಬೊಲಿವಿಯಾ ದೇಶದ್ದು. ಪರಿಸರ ಕಾಪಾಡುತ್ತೇವೆಂದು ಹೇಳುವ ಒಂದು ಸಂಸ್ಥೆಯ ಒಡೆಯ, ನೆಲದೊಳಗಿನ ನೀರಿಗೆ ಗುಟ್ಟಾಗಿ ಅಣೆ ಕಟ್ಟಿಸುತ್ತಾನೆ. ಹಳ್ಳಿಯ ಹೆಂಗಸರು ಕೊಡ ಹಿಡಿದು ನಿಂತಿದ್ದಾರೆ. ನಲ್ಲಿಯಿಂದ ಕೊನೆಯ ಹನಿ ಬಿದ್ದು ನಿಲ್ಲುತ್ತದೆ. ಒಬ್ಬ ದಂಡನಾಯಕನನ್ನು ಗದ್ದುಗೆಗೆ ಕೂರಿಸಿ, ಇಡೀ ದೇಶದ ನೀರಿನ ಗುತ್ತಿಗೆ ತನಗೇ, ದರ ಎರಡರಷ್ಟು ಎಂದು ಆ ಒಡೆಯ ರುಜು ಹಾಕಿಸಿಕೊಳ್ಳುತ್ತಾನೆ. ಬ್ರಿಟನ್, ಅಮೆರಿಕ ಎರಡೂ ಸರ್ಕಾರಗಳು ಅಲ್ಲಿ ಎಣ್ಣೆ ಸಿಗಬಹುದೆಂಬ ಆಸೆಯಿಂದ ಅವನ ಬೆನ್ನಿಗಿವೆ. ನಾವು ಕುರ್ಚಿಯಿಂದ ಎದ್ದು ಕುಳಿತೆವು. ಜ್ವಾಲಾಮುಖಿಯಲ್ಲ, ಬೆಕ್ಕು ಸವರುವ ಬೋಳುತಲೆಯಲ್ಲ. ರಸೀದಿ ಪುಸ್ತಕ ಹಿಡಿದ ಖಳ! ಕೊನೆಗೆ ಬಾಂಡ್ ಅವನನ್ನು ಒಂದು ಡಬ್ಬಿ ಮೋಟಾರ್ ಎಣ್ಣೆ ಕೊಟ್ಟು ಮರುಭೂಮಿಯಲ್ಲಿ ಬಿಟ್ಟುಬರುತ್ತಾನೆ. ಕಥೆ ಮುಗಿಯಿತು.

ಆದರೆ ಮಿತ್ರರೇ, ಇದು ಬೊಲಿವಿಯಾದಲ್ಲಿ ನಿಜವಾಗಿ ನಡೆದದ್ದು. ಕೋಚಬಾಂಬ ಎಂಬ ನಗರ. ಅಲ್ಲಿನ ನೀರು ಸರಬರಾಜನ್ನು ೧೯೯೯ರಲ್ಲಿ ಸರ್ಕಾರ ಒಂದು ಖಾಸಗಿ ಕಂಪನಿಗೆ ವಹಿಸಿತು. ಅದರ ಹಿಂದೆ ಅಮೆರಿಕದ ಬೆಕ್ಟೆಲ್ ಇತ್ತು. ಖಾಸಗಿಗೆ ಕೊಡಿರೆಂದು ವಿಶ್ವಬ್ಯಾಂಕಿನ ಒತ್ತಡವೂ ಇತ್ತು. ೨೦೦೦ದ ಜನವರಿಯಲ್ಲಿ ಬಿಲ್ಲು ಬಂದಾಗ ಕೆಲವು ಮನೆಗಳಿಗೆ ಎರಡರಷ್ಟಾಗಿತ್ತು. ತಾವೇ ತೋಡಿದ ಬಾವಿಯೂ ಕೈಬಿಡುತ್ತದೆಂದು ಹಳ್ಳಿಗರು ಹೆದರಿದರು. ಆಗ ಎದ್ದು ನಿಂತವರು ಯಾರು? ಕಾರ್ಖಾನೆ ಕೆಲಸಗಾರರ ಒಕ್ಕೂಟ. ಅದರ ಮುಖಂಡ ಆಸ್ಕರ್ ಒಲಿವೆರಾ, ಬೂಟು ಕಾರ್ಖಾನೆಯಲ್ಲಿ ದುಡಿದವನು. ಕೆಲಸಗಾರರು, ನೀರಾವರಿ ರೈತರು, ಬೀದಿ ವ್ಯಾಪಾರಿಗಳು, ಹೆಂಗಸರು ಒಂದಾದರು. ರಸ್ತೆ ತಡೆದರು, ಊರು ಬಂದ್ ಮಾಡಿದರು. ಏಪ್ರಿಲ್‌ನಲ್ಲಿ ಅಧ್ಯಕ್ಷ ಬಾನ್ಸೆರ್ ತುರ್ತು ಪರಿಸ್ಥಿತಿ ಸಾರಿದ. ಮೊದಲು ಸರ್ವಾಧಿಕಾರಿಯಾಗಿದ್ದು ಆಮೇಲೆ ಚುನಾವಣೆಯಲ್ಲಿ ಗೆದ್ದು ಬಂದವನು ಆತ. ಹದಿನೇಳು ವರ್ಷದ ಹುಡುಗನೊಬ್ಬ ಗುಂಡಿಗೆ ಬಲಿಯಾದ. ಜನ ಹಿಂದೆ ಸರಿಯಲಿಲ್ಲ. ಎರಡು ದಿನದಲ್ಲಿ ಗುತ್ತಿಗೆ ರದ್ದಾಯಿತು, ಕಂಪನಿ ಊರು ಬಿಟ್ಟಿತು. ಆಮೇಲೆ ಎರಡೂವರೆ ಕೋಟಿ ಡಾಲರ್ ನಷ್ಟ ತುಂಬಿಕೊಡಿರೆಂದು ವಿಶ್ವಬ್ಯಾಂಕಿನ ಪಂಚಾಯ್ತಿಯಲ್ಲಿ ದಾವೆ ಹೂಡಿತು. ಲೋಕದೆಲ್ಲೆಡೆ ಛೀಮಾರಿ ಬಿದ್ದ ಮೇಲೆ ೨೦೦೬ರಲ್ಲಿ ದಾವೆ ಬಿಟ್ಟುಕೊಟ್ಟಿತು. ಷೇರುಗಳನ್ನು ಒಪ್ಪಿಸಿದ್ದು ಎರಡು ಬೊಲಿವಿಯಾನೋ ನಾಣ್ಯಕ್ಕೆ. ಒಂದು ಡಾಲರಿನ ಅರ್ಧವೂ ಅಲ್ಲ!

ಅಲ್ಲಿಗೆ ಎಲ್ಲ ಸುಖವಾಯಿತೆಂದು ನಾವು ಬಣ್ಣ ಹಚ್ಚುವುದಿಲ್ಲ. ಆ ನಗರದ ತೆಂಕಣ ಕೇರಿಗಳ ಬಡವರು ಆಮೇಲೂ ಬಹಳ ಕಾಲ ಟ್ಯಾಂಕರ್ ನೀರನ್ನೇ ಕೊಂಡರು. ಗೆದ್ದ ಮೇಲೆ ಕೊಳವೆ ಹಾಕುವುದು ಗೆಲ್ಲುವುದಕ್ಕಿಂತ ಕಷ್ಟ. ಆದರೆ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಿಜದಲ್ಲಿ ನೀರು ಬಿಡಿಸಿದವರು ಬೂಟು ಹೊಲಿಯುವವರು, ಬೀದಿಯಲ್ಲಿ ತರಕಾರಿ ಮಾರುವವರು. ಚಿತ್ರದಲ್ಲಿ ಅದೇ ಜನ ಖಾಲಿ ಕೊಡ ಹಿಡಿದು ಬಾಯಿಲ್ಲದೆ ನಿಂತಿದ್ದಾರೆ. ಬಿಡಿಸುವವನು ಲಂಡನ್ನಿನಿಂದ ವಿಮಾನದಲ್ಲಿ ಬರುತ್ತಾನೆ. ಶತ್ರುವನ್ನು ಅಷ್ಟು ಸರಿಯಾಗಿ ಗುರುತಿಸಿದ ಚಿತ್ರವೂ ಸಂಘವನ್ನು ಮಾತ್ರ ತೋರಿಸಲಾರದೆ ಹೋಯಿತು. ಶತ್ರು ಬದಲಾದ, ಕಾರು ಬದಲಾಯಿತು, ಹೆಂಗಸರ ಸ್ಥಾನ ಅಷ್ಟಿಷ್ಟು ಬದಲಾಯಿತು. ಇದೊಂದು ಬದಲಾಗಲಿಲ್ಲ: ಜನ ತಮ್ಮ ಕಷ್ಟವನ್ನು ತಾವೇ ಕೂಡಿ ಕಳೆದುಕೊಂಡದ್ದನ್ನು ಈ ಸರಣಿ ಎಂದೂ ತೋರಿಸಲಿಲ್ಲ. (ಚಿತ್ರ ತೆಗೆದದ್ದು ಬೊಲಿವಿಯಾದಲ್ಲಲ್ಲ, ನೆರೆಯ ಚಿಲಿಯಲ್ಲಿ. ಹಿಂದೆ ಯುದ್ಧ ಮಾಡಿ ಬೊಲಿವಿಯಾದಿಂದ ಕಸಿದ ಸೀಮೆಯದು. ನಮ್ಮ ನೆಲವನ್ನು ಬೊಲಿವಿಯಾ ಎಂದು ತೋರಿಸುತ್ತೀರಾ ಎಂದು ಅಲ್ಲಿನ ಮೇಯರನೊಬ್ಬ ಸಿಟ್ಟಿಗೆದ್ದು ಚಿತ್ರೀಕರಣದ ನಡುವೆ ಕಾರು ನುಗ್ಗಿಸಿ ಪೊಲೀಸರ ಕೈಗೆ ಸಿಕ್ಕ. ಆ ಸಾಹಸಕ್ಕೆ ಮಾತ್ರ ಸ್ಟಂಟ್‌ಮನ್ ಬೇಕಾಗಲಿಲ್ಲ.)

ಕೊನೆಯ ಎರಡು ಸಂಗತಿ ತೆರೆಯ ಹೊರಗಿನವು. ಇಪ್ಪತ್ತೈದನೆಯ ಚಿತ್ರ ೨೦೨೦ರ ಏಪ್ರಿಲ್‌ನಲ್ಲಿ ಬರಬೇಕಿತ್ತು. ಕೊರೋನಾ ಬಂತು, ನವೆಂಬರಿಗೆ ಹೋಯಿತು. ಆ ಅಕ್ಟೋಬರಿನಲ್ಲಿ ಮತ್ತೆ ಮರುವರ್ಷಕ್ಕೆ ಮುಂದೂಡಿದರು. ಮೂರೇ ದಿನದೊಳಗೆ ಸಿನೆವರ್ಲ್ಡ್ ಎಂಬ ಟಾಕೀಸು ಕಂಪನಿ ಅಮೆರಿಕದ ೫೩೬, ಬ್ರಿಟನ್ನಿನ ೧೨೭ ಚಿತ್ರಮಂದಿರಗಳಿಗೆ ಬೀಗ ಹಾಕುವುದಾಗಿ ಸಾರಿತು. ಟಿಕೆಟ್ ಹರಿಯುವವರು, ಕಸ ಗುಡಿಸುವವರು ಸೇರಿ ಸುಮಾರು ೪೫,೦೦೦ ಜನರ ಕೆಲಸಕ್ಕೆ ಕುತ್ತು. ರೋಗವೇ ಮೂಲ ಕಾರಣ ನಿಜ. ಆದರೆ ಒಬ್ಬ ಗೂಢಚಾರ ಬರುವ ದಿನ ಬದಲಾದರೆ ಇಷ್ಟು ಒಲೆ ಆರುವಂತೆ ಆ ಉದ್ಯಮ ಕಟ್ಟಿದ್ದರು. ಚಿತ್ರ ೨೦೨೧ರಲ್ಲಿ ಬಂತು. ಅದರ ಕೊನೆಗೆ ಬಾಂಡ್ ಸಾಯುತ್ತಾನೆ, ಬ್ರಿಟಿಷ್ ಹಡಗಿನ ಕ್ಷಿಪಣಿಗಳಿಂದಲೇ.

ಎರಡನೆಯದು ಅಂಗಡಿಯ ಮಿತ್ರರಿಗೆ. ಈ ಸರಣಿ ೧೯೬೧ರಿಂದ ಬ್ರಾಕಲಿ ಎಂಬ ಮನೆತನದ ಕೈಯಲ್ಲಿತ್ತು. ತಂದೆಯ ನಂತರ ಮಗಳು ಬಾರ್ಬರಾ, ಮಲಮಗ ಮೈಕಲ್ ವಿಲ್ಸನ್ ನಡೆಸಿದರು. ದೊಡ್ಡ ಬಂಡವಾಳವೇ, ಆದರೂ ಮನೆಯವರೇ ಗಲ್ಲಾದ ಮೇಲೆ ಕೂರುವ ಅಂಗಡಿ. ಇವರೊಡನೆ ಪಾಲಿದ್ದ ಎಂ.ಜಿ.ಎಂ. ಸ್ಟುಡಿಯೊವನ್ನು ಅಮೆಜಾನ್ ಕಂಪನಿ ೮೪೫ ಕೋಟಿ ಡಾಲರಿಗೆ ಕೊಂಡಿತು. ವ್ಯವಹಾರ ಮುಗಿದದ್ದು ೨೦೨೨ರ ಮಾರ್ಚ್ ೧೭ರಂದು. ಯಾವ ಅಮೆಜಾನ್? ನಿಮ್ಮ ಪಾತ್ರೆ ಅಂಗಡಿಯ, ಬಟ್ಟೆ ಅಂಗಡಿಯ ಗಿರಾಕಿ ಬಂದು ದರ ಕೇಳಿ, ಮೊಬೈಲಿನಲ್ಲಿ ಹೋಲಿಸಿ, ಬರಿಗೈಯಲ್ಲಿ ಹೋಗುತ್ತಾನಲ್ಲ, ಅದೇ ಅಮೆಜಾನ್. ೨೦೨೫ರ ಫೆಬ್ರುವರಿಯಲ್ಲಿ, ಮುಂದಿನ ಚಿತ್ರಗಳ ಕಥೆ-ಪಾತ್ರಗಳ ಹಿಡಿತವನ್ನೂ ಆ ಮನೆತನ ಕಂಪನಿಗೆ ಬಿಟ್ಟುಕೊಟ್ಟಿತು. ಚಿನ್ನದ ಉಗ್ರಾಣ, ಚಿಪ್ಪಿನ ಕಣಿವೆ, ನೀರಿನ ಗುತ್ತಿಗೆ ಎಂದು ಎಲ್ಲವೂ ತನ್ನೊಬ್ಬನದೇ ಆಗಬೇಕೆಂದವರ ಮೇಲೆ ಅರವತ್ತು ವರ್ಷ ಗುಂಡು ಹಾರಿಸಿದ ಬಾಂಡ್ ಈಗ ಲೋಕದ ಅತಿ ದೊಡ್ಡ ಗೋದಾಮಿನ ಮಾಲು.

ಆ ವ್ಯವಹಾರ ಮುಗಿದು ಸರಿಯಾಗಿ ಹದಿನೈದನೆಯ ದಿನ, ೨೦೨೨ರ ಏಪ್ರಿಲ್ ೧ರಂದು, ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಅದೇ ಕಂಪನಿಯ ಒಂದು ಗೋದಾಮಿನ ಕೆಲಸಗಾರರ ಮತ ಎಣಿಕೆಯಾಯಿತು. ಡಬ್ಬಿ ಕಟ್ಟುವವರು, ಪಟ್ಟಿ ಅಂಟಿಸುವವರು ಸಂಘ ಬೇಕೆಂದು ಮತ ಹಾಕಿ ಗೆದ್ದರು. ಅಮೆರಿಕದಲ್ಲಿ ಆ ಕಂಪನಿಯ ಗೋದಾಮಿನಲ್ಲಿ ಅದು ಮೊದಲ ಗೆಲುವು. ಕಂಪನಿ ಫಲಿತಾಂಶವನ್ನು ಒಪ್ಪದೆ ತಕರಾರು ಹೂಡಿತು. ಅವರ ಮುಂದಾಳುಗಳ ಹೆಸರು, ಸಂಘ ಕಟ್ಟಿದ ಬಗೆ, ತಮ್ಮತಮ್ಮೊಳಗೆ ಬಿದ್ದ ಜಗಳ ಎಲ್ಲ ಹೇಳುವುದಕ್ಕೆ ಇನ್ನೊಂದು ಸಭೆಯೇ ಬೇಕು. ಮುಂದಿನ ವಾರ ಅದನ್ನೇ ಇಟ್ಟುಕೊಳ್ಳೋಣವೆಂದು ಅಧ್ಯಕ್ಷರು ತಲೆಯಾಡಿಸುತ್ತಿದ್ದಾರೆ. ರಾತ್ರಿ ಪಾಳಿಯವರು ಏಳುವ ಹೊತ್ತಾಯಿತು. ಕೇಳುವುದಿದ್ದವರು ಈಗ ಕೇಳಬಹುದು.